ಆಟದ ದಫ್ತರ

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಹಾವರ್ತ್ ಗ್ರಾಮದಲ್ಲಿ ಪಾದ್ರಿಗಳಾಗಿದ್ದ ಪ್ಯಾಟ್ರಿಕ್ ಬ್ರಾಂಟೆಯವರು 1826ರ ಜೂನ್ ತಿಂಗಳಲ್ಲಿ ಲೀಡ್ಸ್ ಪಟ್ಟಣಕ್ಕೆ ಹೋಗಿ ಬರುವಾಗ ತಮ್ಮ ಮಗ ಬ್ರ್ಯಾನ್‌ವೆಲ್‌ಗೆಂದು ಹನ್ನೆರಡು ಮರದ ಸಿಪಾಯಿಗಳಿದ್ದ ಪೆಟ್ಟಿಗೆಯೊಂದನ್ನು ತಂದರು. ಮಕ್ಕಳು ನಾಲ್ವರೂ ತಲಾ ಒಬ್ಬ ಸಿಪಾಯಿಯನ್ನು ತಮ್ಮವನೆಂದು ಆರಿಸಿಕೊಂಡು, ಅವನಿಗೊಂದು ನಾಮಧೇಯವನ್ನು ಕೊಟ್ಟು, ಆಫ್ರಿಕದ ಕರಾವಳಿಯಲ್ಲಿ ಅವರಿಗೊಂದು ರಾಜ್ಯವನ್ನು ಕಲ್ಪಿಸಿ ಆಡತೊಡಗಿದರು. ಮಕ್ಕಳಾಟದಲ್ಲಿ ಇಷ್ಟು ಎಲ್ಲೆಡೆಯೂ ಉಂಟು. ಆಡಿದ್ದನ್ನು ಬರೆದಿಡುವುದು ಮಾತ್ರ ಎಲ್ಲೆಡೆಯೂ ಇಲ್ಲ. ಆರು ಸೆಂಟಿಮೀಟರಿನಷ್ಟು ಉದ್ದದ ಪುಟಾಣಿ ಪುಸ್ತಕಗಳನ್ನು ಹೊಲಿದು, ಅಚ್ಚಿನ ಅಕ್ಷರವನ್ನು ಅನುಕರಿಸುವ ಸೂಕ್ಷ್ಮ ಲಿಪಿಯಲ್ಲಿ, ಸಿಪಾಯಿಗಳೇ ಓದತಕ್ಕ ಪತ್ರಿಕೆಗಳನ್ನೂ ಚರಿತ್ರೆಗಳನ್ನೂ ಅವರು ರಚಿಸಿದರು. ಬ್ರ್ಯಾನ್‌ವೆಲ್ 1830-31ರಲ್ಲಿ ಬರೆದ ಚರಿತ್ರೆಯಂತೂ ಯಾವ ಸಿಪಾಯಿಗಳ ಪೆಟ್ಟಿಗೆ ಮನೆಗೆ ಯಾವಾಗ ಬಂದಿತೆಂಬ ಲೆಕ್ಕವನ್ನೂ ಒಪ್ಪಿಸಿಯೇ ಮುಂದಿನ ಮಾತಿಗೆ ಹೋಗುತ್ತದೆ. ಅವನ ಅಕ್ಕ ಷಾರ್ಲಟ್ 1830ರಲ್ಲಿ ಬರೆದ ಅಂಥ ಒಂದು ಪತ್ರಿಕೆಯನ್ನು 2019ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ 6 ಲಕ್ಷ ಯೂರೊಗಳಿಗೆ ಕೊಂಡು ಹಾವರ್ತಿಗೇ ಮರಳಿ ತರಲಾಯಿತು.

ಈ ಮಕ್ಕಳು ಮಾಡಿದ ಕೆಲಸವನ್ನೇ ಇಂದು ಡಂಜನ್ಸ್ ಅಂಡ್ ಡ್ರಾಗನ್ಸ್ ಮೊದಲಾದ ಪಾತ್ರಧಾರಣೆಯ ಆಟಗಳನ್ನಾಡುವ ವಯಸ್ಕರು ಮಾಡುತ್ತಿದ್ದಾರೆ. ಆಟದ ಪರಿಚಯವಿಲ್ಲದವರಿಗೆ ಒಂದೆರಡು ಮಾತು: ಮೇಜಿನ ಸುತ್ತ ಐದಾರು ಮಂದಿ ಕುಳಿತು, ಅವರಲ್ಲೊಬ್ಬನು ಡಂಜನ್ ಮಾಸ್ಟರನೆಂಬ ಸೂತ್ರಧಾರನಾಗಿ, ಮಿಕ್ಕವರು ಯೋಧನೋ ಮಾಂತ್ರಿಕಳೋ ಆಗಿ, ಬಾಯಿಮಾತಿನಲ್ಲಿಯೇ ಒಂದು ಲೋಕವನ್ನು ನಿರ್ಮಿಸಿಕೊಂಡು ಸಂಚರಿಸುವರು, ಸಂದೇಹ ಬಂದೆಡೆಯಲ್ಲಿ ದಾಳವು ತೀರ್ಪು ಹೇಳುವುದು. ಒಂದು ಕೂಟಕ್ಕೆ ಸೆಷನ್ ಎಂದೂ, ವರ್ಷಗಟ್ಟಲೆ ನಡೆಯುವ ಇಂಥ ಕೂಟಗಳ ಸರಣಿಗೆ ಕ್ಯಾಂಪೇನ್ ಎಂದೂ ಹೆಸರು. ಚದುರಂಗದಲ್ಲಾದರೆ ಆಟ ಎಲ್ಲಿಗೆ ಬಂದಿತೆಂಬುದನ್ನು ಹಾಸೇ ಹೇಳುತ್ತದೆ. ಇಲ್ಲಿ ಹೇಳುವುದಕ್ಕೆ ಹಾಸೇ ಇಲ್ಲ. ಹಿಂದೆ ಹಳ್ಳಿಯ ಶಾನುಭೋಗರ ಕಡತದಲ್ಲಿ ಕಾಣದ ಹೊಲವು ಸರ್ಕಾರದ ಪಾಲಿಗೆ ಹೇಗೆ ಇಲ್ಲವೇ ಇಲ್ಲವೋ ಹಾಗೆಯೇ ಬರವಣಿಗೆಯಲ್ಲಿ ಕಾಣದ ನಿಧಿಯೂ ಸೇತುವೆಯೂ ಶತ್ರುವೂ ಈ ಲೋಕದಲ್ಲಿ ಇಲ್ಲ.

ಈ ಬರವಣಿಗೆಯ ಮೂಲವು ಕಥನದಲ್ಲಿಲ್ಲ, ಗಣಿತದಲ್ಲಿದೆ. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ತನ್ನ ತಂದೆಯ ಕಲ್ಪನೆಯನ್ನು ಪರಿಷ್ಕರಿಸಿ ಪ್ರಕಟಿಸಿದ ಕ್ರೀಗ್‌ಸ್ಪೀಲ್ ಎಂಬ ಯುದ್ಧಕ್ರೀಡೆಯಲ್ಲಿ ಉಭಯ ಪಕ್ಷದವರೂ ತಮ್ಮ ಆಜ್ಞೆಗಳನ್ನು ಬರೆದು ಮಧ್ಯಸ್ಥನಿಗೆ ಒಪ್ಪಿಸಬೇಕಾಗಿತ್ತು. ಎರಡು ನಿಮಿಷಕ್ಕೊಂದು ಸರದಿಯಂತೆ ಕಾಲವನ್ನೂ ನಷ್ಟವನ್ನೂ ಲೆಕ್ಕವಿಡುವ ಭಾರ ಅವನದು. ಶತಮಾನ ದಾಟಿದ ಮೇಲೆ ಇಂಗ್ಲೆಂಡಿನ ಟೋನಿ ಬಾತ್ ಹೈಬೋರಿಯ ಎಂಬ ಕಲ್ಪಿತ ಖಂಡದಲ್ಲಿ ವರ್ಷಾಂತರ ಕಾಲ ಯುದ್ಧಗಳನ್ನು ಆಡಿಸುತ್ತ, ಇಸ್ಪೀಟಿನ ಎಲೆಗಳನ್ನೆಳೆದು ರಾಜರ ಮತ್ತು ದಂಡನಾಯಕರ ಸ್ವಭಾವಗಳನ್ನು ನಿಶ್ಚಯಿಸಿ ಬರೆದಿಟ್ಟುಕೊಳ್ಳುತ್ತಿದ್ದನು; ತನ್ನ ಅನುಭವವನ್ನು 1973ರಲ್ಲಿ ಪುಸ್ತಕವಾಗಿಯೂ ಹೊರತಂದನು. ಲೆಕ್ಕದ ಕಾಲಂಗಳ ಮಧ್ಯೆ ಮನುಷ್ಯರು ತಲೆಯೆತ್ತತೊಡಗಿದ್ದು ಹೀಗೆ. ಅತ್ತ ನ್ಯೂಯಾರ್ಕಿನಲ್ಲಿ ಜಾನ್ ಬೋರ್ಡ್‌ಮನ್ 1963ರಲ್ಲಿ ಗ್ರೌಸ್ಟಾರ್ಕ್ ಎಂಬ ಕಿರುಪತ್ರಿಕೆಯ ಮೂಲಕ ಡಿಪ್ಲೊಮಸಿ ಆಟವನ್ನು ಅಂಚೆಯಲ್ಲಿ ಆಡಿಸತೊಡಗಿದನು. ಇಂಥ ಅಂಚೆಯಾಟಗಳಲ್ಲಿ ಆಟಗಾರರು ತಮ್ಮ ತಮ್ಮ ದೇಶಗಳ ಹೆಸರಿನಲ್ಲಿ ಹುಸಿ ರಾಜವಾರ್ತೆಗಳನ್ನು ಬರೆದು ಪ್ರಕಟಿಸುವ ರೂಢಿ ಬೆಳೆಯಿತು.

ಈ ಎರಡು ಧಾರೆಗಳೂ ಕೂಡಿದ್ದು ಅಮೆರಿಕದ ಮಿನೆಸೋಟದಲ್ಲಿ, ಡೇವ್ ಆರ್ನೆಸನ್ 1971ರಲ್ಲಿ ಆರಂಭಿಸಿದ ಬ್ಲ್ಯಾಕ್‌ಮೂರ್ ಕ್ಯಾಂಪೇನಿನಲ್ಲಿ. ಅವನು ತನ್ನ ಕಲ್ಪಿತ ಸೀಮೆಗೆ ಗೆಜೆಟ್ಟೊಂದನ್ನು ಹೊರಡಿಸಿ, ಸುದ್ದಿಯನ್ನೂ ಗಾಳಿಮಾತನ್ನೂ ಬೆರೆಸಿ ಹಂಚುತ್ತಿದ್ದನು. ನೆಲಮಾಳಿಗೆಯ ನಿಧಿಯಲ್ಲಿ ಮೈಮರೆತ ವೀರರು ಮೇಲಿನ ಕೋಟೆಯನ್ನು ಶತ್ರುವಿಗೆ ಬಿಟ್ಟುಕೊಟ್ಟದ್ದರಿಂದ ಅವರೆಲ್ಲರೂ ಲಾಕ್ ಗ್ಲೂಮೆನ್ ಎಂಬಲ್ಲಿಗೆ ಗಡೀಪಾರಾದರು. ಒಂದು ದಿನದ ಅಲಕ್ಷ್ಯಕ್ಕೆ ಮುಂದೆ ಬಹುಕಾಲ ತೆರ ತೆರಬೇಕಾಗುವ ಇಂಥ ಆಟ ದಫ್ತರವಿಲ್ಲದೆ ನಡೆಯದು. 1977ರಲ್ಲಿ ಜಡ್ಜಸ್ ಗಿಲ್ಡ್ ಸಂಸ್ಥೆ ಅವನ ಟಿಪ್ಪಣಿಗಳನ್ನು ಪ್ರಕಟಿಸಿದಾಗ ಓದುಗರ ಕೈಗೆ ಬಂದದ್ದು ಸೈನ್ಯದ ಪಟ್ಟಿ, ಬೆಲೆಗಳ ಪಟ್ಟಿ, ಕೋಣೆಗಳ ವಿವರ ಎಲ್ಲವೂ ಕಲಸಿಹೋದ ಒಂದು ಗ್ರಂಥ. ಅದರ ಅಸ್ತವ್ಯಸ್ತತೆಯನ್ನು ದೂರಿದವರು ಅನೇಕರು. ನನಗಾದರೋ ಅದು ಪ್ರಿಯವಾದ ಪುಸ್ತಕ, ಏಕೆಂದರೆ ಆಡಿದವನ ಕೈಬೆವರು ಅದರಲ್ಲಿ ಇನ್ನೂ ಆರಿಲ್ಲ.

ಆರ್ನೆಸನ್ ಮತ್ತು ವಿಸ್ಕಾನ್ಸಿನ್ನಿನ ಲೇಕ್ ಜಿನೀವದ ಗ್ಯಾರಿ ಗೈಗ್ಯಾಕ್ಸ್ ಕೂಡಿ 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರಾಗನ್ಸಿನ ಮೊದಲ ಆವೃತ್ತಿಯು ಒಂದು ಕ್ಯಾಂಪೇನಿಗೆ 4ರಿಂದ 50 ಆಟಗಾರರಿರಬಹುದೆಂದೂ, 20 ಮಂದಿಗೊಬ್ಬ ಮಧ್ಯಸ್ಥನಿದ್ದರೆ ಸರಿಯೆಂದೂ ಹೇಳಿತ್ತು. ಅಷ್ಟು ಜನ ಒಂದೇ ಮೇಜಿಗೆ ಬರುವುದಿಲ್ಲ. ಸೋಮವಾರ ಒಂದು ಗುಂಪು, ಶನಿವಾರ ಇನ್ನೊಂದು. ಸೋಮವಾರದವರು ದೋಚಿದ ಪೆಟ್ಟಿಗೆ ಶನಿವಾರದವರಿಗೆ ಬರಿದಾಗಿರಬೇಕು, ಗಾಯಗೊಂಡವನು ಗುಣವಾಗುವವರೆಗೆ ಮಲಗಿರಬೇಕು. ಇದಕ್ಕೆಲ್ಲ ಆಧಾರ ಒಂದೇ, ಪಂಚಾಂಗ. ಆದಕಾರಣವೇ ಗೈಗ್ಯಾಕ್ಸ್ 1979ರ ಡಂಜನ್ ಮಾಸ್ಟರ್ಸ್ ಗೈಡಿನಲ್ಲಿ, ಕಾಲದ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡದಿದ್ದರೆ ಕ್ಯಾಂಪೇನಿಗೆ ಅರ್ಥವೇ ಇರದೆಂಬ ಅಭಿಪ್ರಾಯವನ್ನು ಪೂರ್ತಿ ದೊಡ್ಡಕ್ಷರಗಳಲ್ಲಿಯೇ ಅಚ್ಚುಹಾಕಿಸಿದನು. ಅವನ ಶೈಲಿಯಲ್ಲಿ ಗದರಿಕೆ ತುಸು ಹೆಚ್ಚೆಂಬುದು ನಿಜ. ಆದರೂ ಈ ಒಂದು ಗದರಿಕೆ ಸಕಾರಣವಾದದ್ದು.

ಆ ಕಾಲದ ಆಟಗಾರರಲ್ಲಿ ಒಬ್ಬನಿಗೆ ಮ್ಯಾಪರ್ ಎಂಬ ಪದವಿ. ಎದುರಿಗೆ ಗ್ರಾಫ್ ಕಾಗದ. ಒಂದು ಚೌಕಕ್ಕೆ 10 ಅಡಿ. ಉತ್ತರಕ್ಕೆ 30 ಅಡಿ, ಅಲ್ಲಿ ಎಡಕ್ಕೆ ಬಾಗಿಲು, ಮುಂದೆ ದಾರಿ ಓರೆಯಾಗಿದೆ ಎಂದು ಡಂಜನ್ ಮಾಸ್ಟರ್ ಹೇಳುತ್ತಾ ಹೋದಂತೆ ಇವನು ಪೆನ್ಸಿಲಿನಿಂದ ಗೆರೆ ಎಳೆಯುತ್ತಾ ಹೋಗಬೇಕು. ಆ ಓರೆದಾರಿ ಬಂದೊಡನೆ ರಬ್ಬರಿಗೂ ಕೆಲಸ. ಅಂಚಿನಲ್ಲಿ ಸಣ್ಣ ಸಣ್ಣ ಗೀಟುಗಳು: ಒಂದು ಗೀಟು ಹತ್ತು ನಿಮಿಷದ ಒಂದು ಸರದಿ. 1981ರ ಬೇಸಿಕ್ ನಿಯಮಗಳ ಪ್ರಕಾರ ಪಂಜು ಉರಿಯುವುದು ಆರು ಸರದಿ, ಒಂದು ಕುಪ್ಪಿ ಎಣ್ಣೆಗೆ ಲಾಂದ್ರ ಉರಿಯುವುದು ಇಪ್ಪತ್ನಾಲ್ಕು. ಹೊತ್ತು ತಂದ ಚಿನ್ನದ ನಾಣ್ಯವೊಂದಕ್ಕೆ ಅನುಭವದ ಅಂಕವೂ ಒಂದು. ಆದ್ದರಿಂದ ಹಂಚಿಕೆಯ ಜಮಾಖರ್ಚಿನಲ್ಲಿ ಒಂದು ನಾಣ್ಯ ಹೆಚ್ಚುಕಡಮೆಯಾದರೂ ಸ್ನೇಹಿತರ ನಡುವೆ ವ್ಯಾಜ್ಯ. ಇಂಥ ಪುಟವೊಂದರಲ್ಲಿ ಉಪಮೆಯೂ ಇಲ್ಲ, ಉತ್ಪ್ರೇಕ್ಷೆಯೂ ಇಲ್ಲ. ಆದರೂ ಐದು ಗೀಟುಗಳ ಮುಂದೆ ಬರೆದ ಕಡೆಯ ಪಂಜು ಎಂಬೆರಡು ಮಾತುಗಳಲ್ಲಿ ಎಷ್ಟು ಭಯವಿದೆಯೆಂಬುದನ್ನು ಆಡಿದವರು ಬಲ್ಲರು.

ಲೆಕ್ಕವು ಕಥೆಯಾಗುವುದಕ್ಕೆ ಬಹಳ ದಿನ ಹಿಡಿಯಲಿಲ್ಲ. ಲಾಸ್ ಏಂಜಲೀಸಿನಲ್ಲಿ ಲೀ ಗೋಲ್ಡ್ 1975ರ ಜೂನಿನಲ್ಲಿ ಆರಂಭಿಸಿದ ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್ ಎಂಬ ಸಂಕಲನ ಪತ್ರಿಕೆಗೆ, ಸದಸ್ಯರು ನಿಯಮಗಳ ಚರ್ಚೆಯೊಡನೆ ತಮ್ಮ ಸಾಹಸಗಳ ವರದಿಗಳನ್ನೂ ಬರೆದು ಕಳುಹಿಸುತ್ತಿದ್ದರು. 1984ರಲ್ಲಿ ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್ಮನ್ ಪ್ರಕಟಿಸಿದ ಡ್ರ್ಯಾಗನ್‌ಲ್ಯಾನ್ಸ್ ಕಾದಂಬರಿಯಲ್ಲಿ ಮಾಂತ್ರಿಕ ರೈಸ್ಟ್ಲಿನ್ ಪಿಸುದನಿಯಲ್ಲಿ ಮಾತಾಡುವುದಕ್ಕೆ ಮೇಜಿನಲ್ಲಿ ಆ ಪಾತ್ರವನ್ನು ವಹಿಸಿದವನು ಹಾಗೆ ಮಾತಾಡಿದ್ದೇ ಕಾರಣ. ಆದರೆ ಕಾದಂಬರಿಯಾಗುವಾಗ ಆಟದ ಬಹುಭಾಗ ಬಸಿದುಹೋಗುವುದು. ತಪ್ಪಿಬಿದ್ದ ದಾಳ, ಹಗ್ಗ ಯಾರ ಮೂಟೆಯಲ್ಲಿದೆಯೆಂಬ ಅರ್ಧ ಗಂಟೆಯ ಜಗಳ, ಯಾವುದಕ್ಕೂ ಅಲ್ಲಿ ಸ್ಥಳವಿಲ್ಲ.

ಆ ಸ್ಥಳವನ್ನು ಕೊಟ್ಟವರು ಜಪಾನಿನವರು. 1986ರಲ್ಲಿ ಕಾಂಪ್ಟಿಕ್ ಎಂಬ ಮಾಸಪತ್ರಿಕೆಯಲ್ಲಿ ಗ್ರೂಪ್ ಎಸ್ಎನ್ಇ ಬಳಗದವರು ತಾವಾಡಿದ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟವನ್ನು ನಾಟಕದ ಸಂಭಾಷಣೆಯಂತೆ, ಆಟಗಾರರ ನಗೆಚಾಟಿಕೆಯನ್ನೂ ದಾಳದ ಫಲವನ್ನೂ ಬಿಡದೆ, ಧಾರಾವಾಹಿಯಾಗಿ ಪ್ರಕಟಿಸಿದರು. ಮೇಜಿನ ತುದಿಯಲ್ಲಿ ಸೂತ್ರಧಾರನಾಗಿದ್ದ ರ್ಯೋ ಮಿಜುನೊ ಮುಂದೆ ಅದರಿಂದಲೇ ರೆಕಾರ್ಡ್ ಆಫ್ ಲೋಡೊಸ್ ವಾರ್ ಕಾದಂಬರಿಗಳನ್ನು ಬರೆದನು. ರೀಪ್ಲೇ ಎಂಬ ಹೆಸರಿನಿಂದ ಆ ದೇಶದಲ್ಲಿ ಇದೊಂದು ಪ್ರತ್ಯೇಕ ಸಾಹಿತ್ಯಪ್ರಕಾರವಾಗಿಯೇ ನೆಲೆಗೊಂಡು, ಆಟವನ್ನೆಂದೂ ಕಾಣದವರಿಗೆ ಆಡುವ ಬಗೆಯನ್ನು ಕಲಿಸಿತು. ಲೆಕ್ಕಿಗನ ಪ್ರಾಮಾಣಿಕತೆ, ಕಥೆಗಾರನ ಲಯ ಎರಡೂ ಕೂಡಿದ ಬರವಣಿಗೆ ಇದೆಂದು ನನ್ನ ಎಣಿಕೆ.

2015ರಿಂದ ಕ್ರಿಟಿಕಲ್ ರೋಲ್ ಎಂಬ ತಂಡ ಗಂಟೆಗಟ್ಟಲೆಯ ಸೆಷನ್ನುಗಳನ್ನು ವಿಡಿಯೊದಲ್ಲಿ ಅಖಂಡವಾಗಿ ತೋರಿಸುತ್ತ ಬಂದಿದೆ. ಅಷ್ಟಾದರೂ ಬಹುಕಾಲ ಅದರ ಡಂಜನ್ ಮಾಸ್ಟರನಾಗಿದ್ದ ಮ್ಯಾಥ್ಯೂ ಮರ್ಸರ್ ಹಿಂದೆ ನಡೆದುದರ ಸಾರಾಂಶವನ್ನು ಬಾಯಾರೆ ಹೇಳಿಯೇ ಮುಂದಿನ ಆಟಕ್ಕೆ ತೊಡಗುತ್ತಿದ್ದನು. ಮಾತನ್ನು ಕೇಳಿ ತಾನೇ ಬರೆದುಕೊಳ್ಳುವ ಯಂತ್ರಗಳು ಈಗ ಮನೆಮೇಜುಗಳಿಗೂ ಬಂದಿವೆ. ಆದರೆ ನಾಲ್ಕು ಗಂಟೆಯ ಮಾತಿನಲ್ಲಿ ಛತ್ರದ ಯಜಮಾನನ ಹೆಸರನ್ನು ಹುಡುಕಿ ತೆಗೆಯುವ ವ್ಯವಧಾನ ಯಾರಿಗುಂಟು? ಆದ್ದರಿಂದ ಒಬ್ಬನು ಇಂದಿಗೂ ನೋಟ್‌ಬುಕ್ ತೆರೆದು, ಮೇಲ್ಗಡೆ ಆ ಲೋಕದ ತಾರೀಕನ್ನು ಹಾಕಿ, ಯಾರು ಯಾರಿಗೆ ಏನು ಮಾತುಕೊಟ್ಟರು, ಯಾವ ಬಾಗಿಲನ್ನು ತೆರೆಯದೆ ಬಿಟ್ಟರು ಎಂಬುದನ್ನು ಒಂದು ಪುಟದಲ್ಲಿ ಬರೆಯುತ್ತಾನೆ. ಈ ದುಡಿಮೆಗೆ ಪ್ರತಿಫಲವಾಗಿ ಕೆಲವು ಮೇಜುಗಳಲ್ಲಿ ಅವನ ಪಾತ್ರಕ್ಕೆ ನಾಲ್ಕು ಅಂಕಗಳನ್ನು ಹೆಚ್ಚಾಗಿ ಕೊಡುವ ಪದ್ಧತಿಯೂ ಇದೆ. ಅದನ್ನು ಮರೆಯದೆ ಜಮಾ ಬರೆದುಕೊಳ್ಳುವವನೂ ಅವನೇ.