ಹುಳ ಹಳತು, ಹೆಸರು ಹೊಸತು

‘ಹೊಸ ಜಾತಿಯ ಜೀರುಂಡೆ ಪತ್ತೆ’ ಎಂದು ಪೇಪರಿನಲ್ಲಿ ಎರಡು ಸಾಲು ಬಂದರೆ ಸಾಕು, ನಮ್ಮ ಕಾಸರಗೋಡು ಕಡೆಯ ಅಡಿಕೆ ಬೆಳೆಗಾರರು ನನ್ನನ್ನು ಕೇಳುವುದುಂಟು: “ಹುಳ ಕಾಡಲ್ಲಿ ಮೊದಲೇ ಇತ್ತಲ್ಲ ಮಾರಾಯ್ರೇ, ಹೊಸತು ಹೇಗಾಯ್ತು?” ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ಬಲೆರೆಕ್ಕೆಯ ಜೀರುಂಡೆಯನ್ನೇ ತೆಗೆದುಕೊಳ್ಳೋಣ.

ಉಷ್ಣವಲಯದ ಕಾಡುಗಳಲ್ಲಿ ಇವು ಹೆಚ್ಚು. ಮೈ ಮೆತ್ತಗೆ, ಬಣ್ಣ ಸಾಮಾನ್ಯವಾಗಿ ಕೆಂಪು-ಕಪ್ಪು, ಮೇಲ್ರೆಕ್ಕೆಯ ತುಂಬ ಮೀನುಬಲೆಯಂಥ ಗೆರೆ. ಮೈಯೊಳಗೆ ಕಹಿ ರಸ ಇರುವುದರಿಂದ ಹಕ್ಕಿಗಳು ಬಾಯಿ ಹಾಕುವುದು ಕಡಿಮೆ. ಈ ಲಾಭ ಕಂಡ ಬೇರೆ ಹುಳಗಳೂ ಇದೇ ವೇಷ ಹಾಕಿವೆ! ಹಾಗಾಗಿ ಬಣ್ಣ ನೋಡಿ ಜಾತಿ ಹೇಳಲು ಹೊರಟವ ಮೋಸ ಹೋದ ಎಂದೇ ತಿಳಿಯಿರಿ. ತಜ್ಞರು ಗಂಡಿನ ಜನನಾಂಗದ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ನಿರ್ಧರಿಸುತ್ತಾರೆ.

ಗಂಡೇ ಸಿಗದಿದ್ದರೆ? ಆಗ್ನೇಯ ಏಷ್ಯಾದ ಕಾಡುಗಳಲ್ಲಿ ಕವಚ ತೊಟ್ಟಂತಿರುವ, ಬೆರಳುದ್ದದ ಒಂದು ಹುಳ ತೆವಳುತ್ತದೆ. ಅದು ಯಾವುದರ ಮರಿ ಎಂದು ಬಹುಕಾಲ ಯಾರಿಗೂ ತಿಳಿಯಲಿಲ್ಲ. ಬೋರ್ನಿಯೋದಲ್ಲಿ ಇದರ ಬೆನ್ನು ಹತ್ತಿದ ಸ್ವೀಡನ್ನಿನ ಎರಿಕ್ ಮ್ಯೋಬರ್ಗ್ 1925ರಲ್ಲಿ ಗುಟ್ಟು ಬಯಲು ಮಾಡಿದರು. ಅದು ಮರಿಯಲ್ಲ, ಬೆಳೆದ ಹೆಣ್ಣು! ಆಯುಷ್ಯವಿಡೀ ಮರಿಯ ರೂಪದಲ್ಲೇ ಉಳಿಯುವ ಹೆಣ್ಣಿಗೆ ರೆಕ್ಕೆ ಇಲ್ಲ. ಗಂಡೋ, ಒಂದು ಸೆಂಟಿಮೀಟರೂ ಇಲ್ಲದ ಪುಟ್ಟ ಬಲೆರೆಕ್ಕೆಯ ಜೀರುಂಡೆ.

1996ರಲ್ಲಿ ವಾಂಗ್ ಎಂಬವರು ಮಲೇಷ್ಯಾ, ಸಿಂಗಾಪುರಗಳಲ್ಲಿ ಸಿಗುವ ಇಂಥದ್ದೇ ಒಂದನ್ನು ವಿವರಿಸಿ ‘ಡುಲಿಟಿಕೋಲಾ ಹೊಯ್ಸೆನಿ’ ಎಂದು ಹೆಸರಿಟ್ಟರು. ಮುಂದೆ 2014ರಲ್ಲಿ ಮಾಸೆಕ್ ಮತ್ತು ಬೊಚಾಕ್ ಡಿಎನ್‌ಎ ಹೋಲಿಸಿ ಯಾವ ಮರಿಗೆ ಯಾವ ಗಂಡು ಎಂದು ಜೋಡಿಸಿದರು, ಇನ್ನಷ್ಟು ಹೊಸ ಜಾತಿಗಳನ್ನೂ ವಿವರಿಸಿದರು.

ಹೆಸರಿಡುವ ಕ್ರಮ ವ್ಯಾಪಾರಸ್ಥರಿಗೆ ಬೇಗ ಅರ್ಥವಾದೀತು. ಮಾಲಿನ ಬಗ್ಗೆ ತಕರಾರು ಬಂದರೆ ಮೊದಲು ಒಪ್ಪಿದ ಸ್ಯಾಂಪಲ್ ತೆಗೆದು ನೋಡುವುದಿಲ್ಲವೇ? ಇಲ್ಲಿಯೂ ಹಾಗೆಯೇ. ಒಂದೇ ಒಂದು ಹುಳವನ್ನು ‘ಮೂಲ ಮಾದರಿ’ ಎಂದು ಗುರುತಿಸಿ, ಸಾಮಾನ್ಯವಾಗಿ ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿ ಇಡುತ್ತಾರೆ. ಎಲ್ಲಿ, ಯಾವಾಗ, ಯಾರು ಹಿಡಿದದ್ದೆಂದು ಚೀಟಿ ಅಂಟಿಸುತ್ತಾರೆ. ಹಳೆಯ ಮಾದರಿಗಳ ಜೊತೆ ಹೋಲಿಸಿ, ವ್ಯತ್ಯಾಸ ಬರೆದು ಪ್ರಕಟಿಸುತ್ತಾರೆ. ಒಂದೇ ಜಾತಿಗೆ ಇಬ್ಬರು ಹೆಸರಿಟ್ಟಿದ್ದರೆ ಸಾಮಾನ್ಯವಾಗಿ ಮೊದಲು ಪ್ರಕಟವಾದದ್ದೇ ಊರ್ಜಿತ. ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು ಹೆಸರಿನಿಂದ ವಸ್ತುವನ್ನು ಕರೆಯುವ ಗಡಿನಾಡಿನ ನಮಗೆ ಈ ನಿಯಮದ ಉಪಯೋಗ ಬೇರೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಉಸಾಬರಿ ಯಾಕೆ ಎನ್ನುತ್ತೀರಾ? ರೆಕ್ಕೆಯಿಲ್ಲದ ಹೆಣ್ಣು ಹಾರಿ ಇನ್ನೊಂದು ಗುಡ್ಡ ಸೇರಲಾರದು. ಇಂಥ ಕೆಲವು ಜಾತಿಗಳಿಗೆ ಒಂದು ಬೆಟ್ಟವೇ ಇಡೀ ಪ್ರಪಂಚ. ಆ ಕಾಡು ಬೋಳಾದರೆ ಜಾತಿಯೇ ಹೋಯಿತು. ಹೆಸರಿಲ್ಲದ್ದು ಹೋದರೆ ಲೆಕ್ಕಕ್ಕೂ ಬಾರದು.

ನಮ್ಮ ಪಶ್ಚಿಮ ಘಟ್ಟದಲ್ಲೂ ಲೈರೋಪಿಯಸ್ ಎಂಬ ಕುಲದ ಬಲೆರೆಕ್ಕೆಯ ಜೀರುಂಡೆಗಳಿವೆ. ಬಲೆರೆಕ್ಕೆಯವುಗಳ ಮರಿಗಳು ಹೆಚ್ಚಾಗಿ ಒದ್ದೆ ಕೊಳೆತ ಮರದಲ್ಲಿ ಬೆಳೆಯುತ್ತವೆ. ಬೆಳೆಗೆ ಇವುಗಳಿಂದ ಉಪದ್ರವಿಲ್ಲ. ಆದ್ದರಿಂದ ತೋಟದ ಅಂಚಿನಲ್ಲಿ ಬಿದ್ದ ಮರವನ್ನೆಲ್ಲ ಸುಟ್ಟು ಚೊಕ್ಕ ಮಾಡಬೇಡಿ. ಒಂದೆರಡು ದಿಮ್ಮಿ ಅಲ್ಲೇ ಕೊಳೆಯಲಿ ಬಿಡಿ.