ಪುಟ್ಟನ ಹುಟ್ಟುಹಬ್ಬಕ್ಕೆ ಕೆಂಪು ಬಸ್ಸು

ನಾಲ್ಕೈದು ವರ್ಷದ ಮಗುವನ್ನು 'ಬರ್ತ್‌ಡೇಗೆ ಎಂಥ ಕೇಕ್ ಬೇಕು ಪುಟ್ಟಾ?' ಅಂತ ಕೇಳಿ ನೋಡಿ. ವೆನಿಲ್ಲಾ, ಚಾಕೊಲೇಟ್ ಅಂತೆಲ್ಲ ಉತ್ತರ ಬರೋದಿಲ್ಲ. 'ಬಸ್ಸಿನ ಕೇಕ್', 'ಜೆಸಿಬಿ ಕೇಕ್', 'ರೈಲಿನ ಕೇಕ್' ಅಂತಲೇ ಬರುತ್ತೆ. ಬೇಕರಿಯಲ್ಲಿ ಹೇಳಿ ಮಾಡಿಸಿದರೆ ಬೆಲೆ ಕೇಳಿ ಎದೆ ಧಸಕ್ ಅನ್ನುವುದು ಒಂದು ಕಡೆ. ಮೇಲೆ ಹಾಸಿರುವ ಸಕ್ಕರೆ ಹಾಳೆಯನ್ನು ಮಕ್ಕಳು ತಟ್ಟೆಯಂಚಿಗೆ ತಳ್ಳಿ ಏಳುವುದು ಇನ್ನೊಂದು ಕಡೆ. ಮನೆಯಲ್ಲೇ ಮಾಡೋಣ ಅಂದರೆ, ವಾಹನಗಳಲ್ಲೆಲ್ಲ ಬಸ್ಸಿನಷ್ಟು ಸುಲಭ ಇನ್ನೊಂದಿಲ್ಲ. ಕಾರಿಗೆ ತಗ್ಗು ಉಬ್ಬು ಕೊರೆಯಬೇಕು, ಆಟೊಗೆ ಮೂತಿ ತಿದ್ದಬೇಕು. ಬಸ್ಸು ಅಂದರೆ ಒಂದು ಇಟ್ಟಿಗೆ, ಅಷ್ಟೇ!

ಮನೆಯಲ್ಲಿ ಅಜ್ಜಿ, ತಾತ ಇದ್ದರೆ ಮೊಟ್ಟೆ ಇಲ್ಲದ ಕೇಕೇ ಒಳ್ಳೆಯದು. ಮೊಮ್ಮಗನ ಕೇಕನ್ನು ಅವರೂ ಬಾಯಿಗಿಡಬೇಡವೇ? 250 ಗ್ರಾಂ ಮೈದಾ, 1 ಚಮಚ ಬೇಕಿಂಗ್ ಪೌಡರ್, 1 ಚಮಚ ಅಡಿಗೆ ಸೋಡಾ ಸೇರಿಸಿ ಮೂರು ಸಲ ಜರಡಿ ಹಿಡಿಯಿರಿ (ಚಮಚ ಅಂದರೆ ಟೀ ಚಮಚ, ಅದೂ ತಲೆ ತಟ್ಟಿದ್ದು). 100 ಗ್ರಾಂ ಕರಗಿಸಿದ ಬೆಣ್ಣೆಗೆ 400 ಗ್ರಾಂ ಕಂಡೆನ್ಸ್ಡ್ ಮಿಲ್ಕ್ ಹಾಕಿ ಚೆನ್ನಾಗಿ ತಿರುವಿ. ಇದಕ್ಕೆ ಮೈದಾ ಸ್ವಲ್ಪ, ಗ್ಯಾಸ್ ಇರುವ ಸೋಡಾ ನೀರು ಸ್ವಲ್ಪ, ಹೀಗೆ ಬದಲಿಸಿ ಬದಲಿಸಿ ಸೇರಿಸಿ. ಸೋಡಾ ನೀರು ಒಟ್ಟು 200 ಮಿ.ಲೀ. ಒಳಗೆ ಸಾಕು. ಇಡ್ಲಿ ಹಿಟ್ಟಿನ ಹದಕ್ಕೆ ಬಂದ ಮೇಲೆ ನಿಲ್ಲಿಸಿ, 1 ಚಮಚ ವೆನಿಲ್ಲಾ ಎಸೆನ್ಸ್ ಹಾಕಿ. 8 ಇಂಚಿನ ಚೌಕ ಟ್ರೇಗೆ ಬೆಣ್ಣೆ ಸವರಿ, ಮೈದಾ ಉದುರಿಸಿ, ಹಿಟ್ಟು ಸುರಿದು 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಬೇಯಿಸಿ. ನಡುವೆ ಚಾಕು ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು. ಓವನ್ ಇಲ್ಲವೇ? ದಪ್ಪ ತಳದ ಅಗಲ ಪಾತ್ರೆಗೆ ಒಂದಿಂಚು ಉಪ್ಪು ಹಾಕಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ಟ್ರೇ ಇಳಿಸಿ ಸಣ್ಣ ಉರಿಯಲ್ಲಿ ಬೇಯಿಸಿ. ಸಮಯ ಹೆಚ್ಚು ಹಿಡಿಯುತ್ತೆ, ಆದರೆ ಕೇಕ್ ಏನೂ ಕಡಿಮೆಯಾಗುವುದಿಲ್ಲ.

ಇದನ್ನು ಹುಟ್ಟುಹಬ್ಬಕ್ಕೆ ಎರಡು ದಿನ ಮುಂಚೆ ಮಾಡಿಕೊಳ್ಳಿ. ಬಿಸಿ ಕೇಕ್ ಕೊಯ್ಯಲು ಹೋದರೆ ಪುಡಿ ಪುಡಿ. ಒಂದು ರಾತ್ರಿ ಕಳೆದ ಕೇಕು ಹೇಳಿದ ಮಾತು ಕೇಳುತ್ತೆ.

ಮೇಲಿನ ಉಬ್ಬನ್ನು ಚಪ್ಪಟೆಯಾಗಿ ಕೊಯ್ದು ತೆಗೆಯಿರಿ. ಎಸೆಯಬೇಡಿ, ಮುಂದೆ ಕೆಲಸಕ್ಕಿದೆ. ಕೇಕನ್ನು ಸರಿಯಾಗಿ ಅರ್ಧ ಮಾಡಿ. ರಟ್ಟಿಗೆ ಬೆಳ್ಳಿ ಹಾಳೆ ಸುತ್ತಿ, ಅದರ ಮೇಲೇ ಒಂದು ಭಾಗ ಇಟ್ಟು, ಜಾಮ್ ಸವರಿ, ಇನ್ನೊಂದನ್ನು ಮೇಲೆ ಕೂರಿಸಿ. ಎಂಟಿಂಚು ಉದ್ದ, ನಾಲ್ಕಿಂಚು ಅಗಲ, ಸುಮಾರು ಮೂರೂವರೆ ಇಂಚು ಎತ್ತರದ ಬಸ್ಸು ಸಿದ್ಧ. ತಯಾರಾದ ಮೇಲೆ ಬಸ್ಸನ್ನು ಎತ್ತಿ ಬೇರೆ ಕಡೆ ಇಡುತ್ತೇನೆ ಅನ್ನುವ ಸಾಹಸ ಬೇಡ, ಅದಕ್ಕೇ ರಟ್ಟಿನ ಮೇಲೆ ಕಟ್ಟಿ ಅಂದದ್ದು.

ಐಸಿಂಗ್‌ಗೆ 250 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು ಬೆಳ್ಳಗಾಗುವವರೆಗೆ ಕಡೆದು, 500 ಗ್ರಾಂ ಐಸಿಂಗ್ ಶುಗರ್ ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಗಟ್ಟಿ ಅನ್ನಿಸಿದರೆ ಒಂದು ಚಮಚ ಹಾಲು. ನಮ್ಮ ಏಪ್ರಿಲ್ ಸೆಕೆಯಲ್ಲಿ ಹಾಲಿನ ಕ್ರೀಮಿಗಿಂತ ಇದೇ ವಾಸಿ. ಹಾಗಂತ ಬೆಣ್ಣೆಯೂ ಜಾರದೇ ಇರೋದಿಲ್ಲ, ಈ ಕೆಲಸ ರಾತ್ರಿ ತಂಪಿಗೆ ಇಟ್ಟುಕೊಳ್ಳಿ. ಮೊದಲು ತೆಳುವಾಗಿ ಒಂದು ಕೋಟ್ ಸವರಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಉದುರುವ ಪುಡಿಯೆಲ್ಲ ಅದರಲ್ಲಿ ಅಂಟಿ ಕೂರುತ್ತೆ. ಆಮೇಲಿನದು ನಿಜವಾದ ಬಣ್ಣದ ಕೋಟ್.

ಈಗ ಬಣ್ಣದ ಮಾತು. ಮಕ್ಕಳಿಗೆ ಬೇಕಿರುವುದು ನಮ್ಮ ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸು. ಬೆಣ್ಣೆಯ ಐಸಿಂಗ್‌ಗೆ ಬಣ್ಣ ಹಾಕಿದರೆ ಮೊದಲು ಬರುವುದು ಗುಲಾಬಿ. ಅಚ್ಚ ಕೆಂಪಾಗಲಿ ಅಂತ ಸುರಿಯುತ್ತಾ ಹೋದರೆ ನಾಲಿಗೆಗೆ ಕಹಿ, ಮಗುವಿನ ಹೊಟ್ಟೆಗೆ ಬೇಡದ್ದು. 2024ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬೇಕರಿಗಳ 235 ಕೇಕ್ ಮಾದರಿ ಪರೀಕ್ಷಿಸಿದಾಗ 12 ಅಸುರಕ್ಷಿತ ಅಂತ ಬಂದದ್ದು ಕೃತಕ ಬಣ್ಣಗಳಿಂದಲೇ. ಅದೇ ವರ್ಷ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕಬಾರದು ಅಂತ ಸರ್ಕಾರ ನಿಷೇಧ ಹೇರಿತ್ತು. ಹೊರಗಿನದು ಬೇಡ ಅಂತ ಮನೆಯಲ್ಲಿ ಮಾಡಿ, ಅದೇ ಬಣ್ಣವನ್ನು ನಾವೇ ಸುರಿದರೆ ಏನು ಬಂತು?

ಅದಕ್ಕೆ ಬಸ್ಸನ್ನು ಪೂರ್ತಿ ಕೆಂಪು ಮಾಡಲೇಬೇಡಿ. ಕಿಟಕಿಯ ಕೆಳಗೆ ಸುತ್ತಲೂ ಒಂದು ಪಟ್ಟಿ ಕೆಂಪು, ಉಳಿದದ್ದು ಬಿಳಿ. ಪಟ್ಟಿಗೆ ತೆಗೆದಿಟ್ಟ ಐಸಿಂಗ್‌ಗೆ ಮೊದಲು ಅರ್ಧ ಚಮಚ ಕೋಕೋ ಪುಡಿ ಕಲಸಿ. ಕಂದು ಬಣ್ಣದ ಮೇಲೆ ಸ್ವಲ್ಪ ಕೆಂಪು ಹಾಕಿದರೂ ಗಾಢವಾಗಿ ಕಾಣುತ್ತೆ. ಬೀಟ್‌ರೂಟ್ ರಸ ಬತ್ತಿಸಿ ಹಾಕುವವರೂ ಇದ್ದಾರೆ. ಅದು ಕೆಂಪಲ್ಲ, ರಾಣಿ ಪಿಂಕ್. ಮಗು ಒಪ್ಪಿದರೆ ಸರಿ! ಮಗು ಸ್ಕೂಲ್ ಬಸ್ಸಿಗೆ ಒಪ್ಪಿದರಂತೂ ನೀವು ಗೆದ್ದಿರಿ. ಚಿಟಿಕೆ ಅರಿಶಿನದಲ್ಲೇ ಹಳದಿ ಬರುತ್ತೆ, ವೆನಿಲ್ಲಾ ಘಮದಲ್ಲಿ ಅರಿಶಿನ ಗೊತ್ತೂ ಆಗೋಲ್ಲ.

ಚಕ್ರಕ್ಕೆ ದುಂಡನೆ ಚಾಕೊಲೇಟ್ ಕ್ರೀಮ್ ಬಿಸ್ಕತ್ತು. 'ಹಿಂದೆ ಜೋಡಿ ಟೈರು ಇರುತ್ತಮ್ಮಾ' ಅನ್ನುವ ಚೂಟಿ ನಿಮ್ಮ ಮನೆಯಲ್ಲಿದ್ದರೆ ಹಿಂದೆ ಎರಡೆರಡು ಅಂಟಿಸಿ. ಬಾಗಿಲಿಗೆ ಬರ್ಬನ್ ಬಿಸ್ಕತ್ತು, ಕಿಟಕಿಗೆ ಚಾಕೊಲೇಟ್ ಬಾರಿನ ತುಂಡುಗಳು, ಮುಂದಿನ ದೀಪಕ್ಕೆ ಹಳದಿ ಜೆಮ್ಸ್, ಹಿಂದಕ್ಕೆ ಕೆಂಪು. ಕೊಯ್ದಿಟ್ಟ ಕೇಕಿನ ಚೂರುಗಳನ್ನು ಟಾಪಿನ ಮೇಲೆ ಪೇರಿಸಿದರೆ ಲಗೇಜು! ಕರಗಿಸಿದ ಚಾಕೊಲೇಟನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ಮೂಲೆ ಕತ್ತರಿಸಿ ಗೆರೆ ಎಳೆಯಿರಿ. ಮೆಹಂದಿ ಕೋನ್ ಹಿಡಿದು ಅಭ್ಯಾಸ ಇದ್ದವರಿಗೆ ನೀರು ಕುಡಿದಷ್ಟು ಸುಲಭ. ಹಿಂದೆ ಏಣಿ, ಮುಂದೆ ನಂಬರ್ ಪ್ಲೇಟು. ನಂಬರು ಮಗು ಹುಟ್ಟಿದ ತಾರೀಖೇ ಆಗಿರಲಿ. ಮೇಲೆ ಬೋರ್ಡಿನಲ್ಲಿ 'ಅಜ್ಜಿ ಊರು' ಅಂತ ಬರೆದು ನೋಡಿ, ಮಗುವಿಗಿಂತ ಹೆಚ್ಚು ಖುಷಿ ಯಾರಿಗಾಗುತ್ತೆ ಅಂತ! ಸುತ್ತ ಬಿಸ್ಕತ್ತಿನ ಪುಡಿ ಉದುರಿಸಿದರೆ ಟಾರು ರಸ್ತೆ. ಅಲ್ಲಲ್ಲಿ ಗುಂಡಿ ಬಿದ್ದರೂ ಚಿಂತೆಯಿಲ್ಲ, ನಮ್ಮೂರಿನ ರಸ್ತೆಯೇ ಅಂತ ಎಲ್ಲರೂ ನಂಬುತ್ತಾರೆ.

ಒಂದು ಮಾತ್ರ ಕಟ್ಟುನಿಟ್ಟು. ಯಾವ ಭಾಗವೂ ನಿಲ್ಲಲಿ ಅಂತ ಟೂತ್‌ಪಿಕ್ಕು, ಗುಂಡುಪಿನ್ನು ಚುಚ್ಚಬೇಡಿ. ಗದ್ದಲದಲ್ಲಿ ಅದು ಯಾವ ಮಗುವಿನ ತಟ್ಟೆಗೆ ಹೋಯಿತೋ ತಿಳಿಯೋದಿಲ್ಲ. ಐಸಿಂಗೇ ಅಂಟು. ಬಿಸ್ಕತ್ತು, ಜೆಮ್ಸ್ ಹಚ್ಚುವ ಕೆಲಸ ಅದೇ ದಿನ ಮಧ್ಯಾಹ್ನಕ್ಕಿರಲಿ. ರಾತ್ರಿಯೇ ಹಚ್ಚಿದರೆ ಬಿಸ್ಕತ್ತು ಮೆತ್ತಗಾಗುತ್ತೆ, ಜೆಮ್ಸಿನ ಬಣ್ಣ ಇಳಿಯುತ್ತೆ.

ಸಂಜೆ ಕತ್ತರಿಸುವ ಒಂದು ಗಂಟೆ ಮುಂಚೆ ಫ್ರಿಜ್‌ನಿಂದ ಹೊರಗಿಡಿ. ಚಾಕು ಹಿಂದುಗಡೆಯಿಂದ ಹಾಕಿಸಿ. ಮುಖವನ್ನೇ ಮೊದಲು ಕೊಯ್ದರೆ ಕೆಲವು ಮಕ್ಕಳು ಅತ್ತೇಬಿಡುತ್ತವೆ. ಸಣ್ಣ ತುಂಡಾದರೆ ಇಪ್ಪತ್ತು ಮಕ್ಕಳಿಗೆ ಸಾಕು. ಚಕ್ರ ಮಾತ್ರ ಎಲ್ಲರಿಗೂ ಬೇಕು, ಬಿಸ್ಕತ್ತಿನ ಇನ್ನೊಂದು ಪ್ಯಾಕೆಟ್ ಒಡೆಯದೆ ಅಡಿಗೆಮನೆಯಲ್ಲಿಟ್ಟಿರಿ.