ದುಬಾರಿ ಹೆಡ್‌ಫೋನ್ ಕೊಂಡರೆ ಗೇಮ್ ಚೆನ್ನಾಗಿ ಕೇಳುತ್ತದೆಯೇ?

ಬೆಲೆ ಹೆಚ್ಚಿದಷ್ಟೂ ಗೇಮಿನಲ್ಲಿ ಎದುರಾಳಿಯ ಹೆಜ್ಜೆ ಸದ್ದು ಚೆನ್ನಾಗಿ ಕೇಳುತ್ತದೆ ಎಂಬ ನಂಬಿಕೆಯಿದೆ. ಅದು ಪೂರ್ತಿ ನಿಜವಲ್ಲ.

ಸೆನ್‌ಹೈಸರ್ ಎಚ್‌ಡಿ 600 ಅನ್ನೇ ನೋಡಿ. ಅದರ ಇಂಪಿಡೆನ್ಸ್ 300 ಓಮ್. ಮೊಬೈಲ್ ಕೊಡುವ ವೋಲ್ಟೇಜ್ ಸಾಲದೆ ಸದ್ದು ಸಣ್ಣಗಾಗಬಹುದು. ಆಗ ಆಂಪ್ಲಿಫೈಯರ್ ಬೇಕು. ಮೇಲಾಗಿ ಅದರ ಹಿಂಬದಿ ತೆರೆದಿದೆ. ಇಂದಿರಾನಗರದ 100 ಅಡಿ ರಸ್ತೆಯ ಕಡೆಗೆ ಕಿಟಕಿಯಿರುವ ಕೋಣೆಯಲ್ಲಿ ಹಾರ್ನ್ ಸದ್ದೂ ಕಿವಿಗೆ ಬೀಳುತ್ತದೆ, ನೀವು ವಾಲ್ಯೂಮ್ ಏರಿಸುತ್ತೀರಿ.

ಅಪಾಯ ಇರುವುದು ಅಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ 80 ಡೆಸಿಬಲ್‌ನ ಮಿತಿ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬಲ್ ಏರಿಕೆಗೆ ಈ ಅವಧಿ ಅರ್ಧವಾಗುತ್ತದೆ. 86ಕ್ಕೆ ಉಳಿಯುವುದು 10 ಗಂಟೆ.

ಗದ್ದಲದ ಕೋಣೆಗೆ ಸುಮಾರು 32 ಓಮ್‌ನ, ಹಿಂಬದಿ ಮುಚ್ಚಿದ ಹೆಡ್‌ಫೋನ್ ಸಾಕು. ಹೆಡ್‌ಫೋನ್ ಬದಲಿಸಬಹುದು, ಒಳಗಿವಿಯ ಸತ್ತ ರೋಮಕೋಶಗಳು ಮತ್ತೆ ಬೆಳೆಯುವುದಿಲ್ಲ.